ಎಡಗೈಯ ಆಯುಧ

ಯುದ್ಧದ ಉಪಕರಣಗಳಲ್ಲಿ ಕತ್ತಿಗೆ ಸಿಕ್ಕಿರುವ ಕೀರ್ತಿಯ ಕಾಲುಭಾಗವೂ ಗುರಾಣಿಗೆ ಸಿಕ್ಕಿಲ್ಲ. ಕತ್ತಿಗಳಿಗೆ ಹೆಸರುಗಳಿವೆ, ಆಯುಧಪೂಜೆಯಲ್ಲಿ ಅವುಗಳಿಗೆ ಅಗ್ರಸ್ಥಾನವಿದೆ, ವಸ್ತುಸಂಗ್ರಹಾಲಯಗಳಲ್ಲಿ ಅವುಗಳ ಅಲಗಿನ ಕೆಲಸವನ್ನು ವಿವರಿಸುವ ಫಲಕಗಳಿವೆ. ಆದರೆ ಆ ಕತ್ತಿ ಹಿಡಿದವನು ಒಂದು ಹೊಡೆತ ತಡೆದುಕೊಂಡು ಮರುಹೊಡೆತ ಕೊಡುವಷ್ಟು ಹೊತ್ತು ಬದುಕಿರುವಂತೆ ನೋಡಿಕೊಂಡ ವಸ್ತು ಸಾಮಾನ್ಯವಾಗಿ ಅದೇ ಗಾಜಿನ ಕಪಾಟಿನ ಮೂಲೆಯಲ್ಲಿ, ಒಂದು ಸಾಲಿನ ವಿವರಣೆಯೊಂದಿಗೆ ಒರಗಿರುತ್ತದೆ. ಮಧ್ಯಯುಗದ, ಎಂದರೆ ಸ್ಥೂಲವಾಗಿ 6ನೆಯ ಶತಮಾನದಿಂದ 16ನೆಯ ಶತಮಾನದವರೆಗಿನ ಕಾಲದ ಗುರಾಣಿಗಳ ಆಕಾರ ಕಾಲಕಾಲಕ್ಕೆ ಏಕೆ ಬದಲಾಯಿತು ಎಂಬ ಪ್ರಶ್ನೆಗೆ ರಾಜವಂಶಗಳ ಅಭಿರುಚಿಯಲ್ಲಿಯೋ ಶಿಲ್ಪಶೈಲಿಯಲ್ಲಿಯೋ ಉತ್ತರ ಹುಡುಕುವುದು ರೂಢಿ. ಆ ಉತ್ತರ ಪೂರ್ತಿ ಸುಳ್ಳಲ್ಲ, ಆದರೆ ಅದು ಮೇಲುಮೇಲಿನದು. ಗುರಾಣಿಯ ಆಕಾರವನ್ನು ಮೊದಲು ತೀರ್ಮಾನಿಸಿದ್ದು ಅದನ್ನು ಹಿಡಿದ ಎಡಗೈ: ಆ ಕೈಗೆ ಬೇರೆ ಕೆಲಸವೇನಾದರೂ ಇತ್ತೇ, ಇದ್ದರೆ ಅದು ಯಾವುದು ಎಂಬುದೇ ಈ ವಿಷಯದ ತಿರುಳು.

ಕನ್ನಡದಲ್ಲಿ ಈ ವಸ್ತುವಿಗಿರುವ ಹೆಸರುಗಳೇ ಅದರ ಚರಿತ್ರೆಯ ಒಂದು ಭಾಗವನ್ನು ಹೇಳುತ್ತವೆ. ಇಂದಿನ ಬಳಕೆಯ ಮಾತು ಗುರಾಣಿ. ಹಳೆಯ ಮಾತುಗಳಲ್ಲಿ ಹರಿಗೆ, ಅಡ್ಡಣ, ಹಲಗೆ ಇವು ಮುಖ್ಯವಾದವು. ಸಂಸ್ಕೃತದ ಖೇಟಕದಿಂದ ಬಂದದ್ದು ಖೇಡೆಯ. ಉತ್ತರದ ಭಾಷೆಗಳ ಢಾಲ್ ಎಂಬುದರಿಂದ ಬಂದದ್ದು ಡಾಲು. ಇವುಗಳಲ್ಲಿ ಹಲಗೆ ಎಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಮರವನ್ನು ಸೀಳಿ ಮಾಡಿದ ಚಪ್ಪಟೆ ಪಟ್ಟಿಯೂ ಹಲಗೆ, ಮಗು ಅಕ್ಷರ ತಿದ್ದುವುದೂ ಹಲಗೆಯ ಮೇಲೆ, ಮರದ ಬಳೆಗೆ ಚರ್ಮ ಬಿಗಿದು ಬಾರಿಸುವ ವಾದ್ಯವೂ ಉತ್ತರ ಕರ್ನಾಟಕದಲ್ಲಿ ಹಲಗೆಯೇ. ಮರ ಮತ್ತು ಬಿಗಿದ ತೊಗಲು ಎಂಬ ಎರಡು ಸಾಮಗ್ರಿಗಳು ಈ ಒಂದೇ ಮಾತಿನ ಅರ್ಥಗಳಲ್ಲಿ ಜೊತೆಗಿವೆ, ಮತ್ತು ಮಧ್ಯಯುಗದ ಬಹುಪಾಲು ಗುರಾಣಿಗಳು ಆದದ್ದು ಆ ಎರಡರಿಂದಲೇ. ಭೋಜರಾಜನ ಹೆಸರಿನಲ್ಲಿ ಪ್ರಸಿದ್ಧವಾದ ಸಂಸ್ಕೃತದ 'ಯುಕ್ತಿಕಲ್ಪತರು' ಮೈಯನ್ನು ಮರೆಮಾಡುವ ಈ ಸಾಧನಕ್ಕೆ ಚರ್ಮ ಎಂದೇ ಹೆಸರು ಕೊಟ್ಟು, ಮರದಿಂದ ಆದದ್ದು ಮತ್ತು ತೊಗಲಿನಿಂದ ಆದದ್ದು ಎಂದು ಅದನ್ನು ಎರಡಾಗಿ ವಿಂಗಡಿಸುತ್ತದೆ. 'ಅಮರಕೋಶ'ವಂತೂ ಫಲಕ, ಫಲ, ಚರ್ಮ ಎಂಬ ಪರ್ಯಾಯಪದಗಳನ್ನು ಹೇಳಿ ಅಷ್ಟಕ್ಕೇ ನಿಲ್ಲದೆ, ಗುರಾಣಿಯ ಹಿಡಿಗೆ ಸಂಗ್ರಾಹ ಎಂಬ ಪ್ರತ್ಯೇಕ ಹೆಸರನ್ನೂ ಕೊಡುತ್ತದೆ. ಕೋಶಕಾರನೊಬ್ಬ ಹಿಡಿಗೆ ಬೇರೆಯದೇ ಹೆಸರು ದಾಖಲಿಸುವುದು ಸಣ್ಣ ಸಂಗತಿಯೆಂದು ಕಾಣಬಹುದು, ಆದರೆ ಗುರಾಣಿಯ ಮುಂಭಾಗವನ್ನಷ್ಟೇ ನೋಡುವವರಿಗಿಂತ ಹಿಂಭಾಗವನ್ನು ತಿರುಗಿಸಿ ನೋಡುವವರಿಗೆ ಹೆಚ್ಚು ತಿಳಿಯುತ್ತದೆ ಎಂಬುದಕ್ಕೆ ಅದು ಹಳೆಯ ಸಾಕ್ಷಿ.

ಆಕಾರಗಳ ವೈವಿಧ್ಯದ ಬಗ್ಗೆ ನಮ್ಮಲ್ಲಿರುವ ಅತಿ ಹಳೆಯ ಪಟ್ಟಿಗಳಲ್ಲಿ ಒಂದು ಕೌಟಿಲ್ಯನ 'ಅರ್ಥಶಾಸ್ತ್ರ'ದ ಆಯುಧಾಗಾರದ ಅಧ್ಯಾಯದಲ್ಲಿದೆ. ಆ ಗ್ರಂಥದ ತಾಳೆಗರಿಯ ಪ್ರತಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾಗಿ ಹೊರಬಂದುದರಿಂದ, ಪ್ರಾಚೀನ ಭಾರತದ ಗುರಾಣಿಗಳ ಹೆಸರುಗಳು ಆಧುನಿಕ ಜಗತ್ತಿಗೆ ಮತ್ತೆ ತಿಳಿದದ್ದು ಕರ್ನಾಟಕದ ಮೂಲಕವೇ ಎನ್ನಬೇಕು. ಪೇಟಿ, ಚರ್ಮ, ಹಸ್ತಿಕರ್ಣ, ತಾಲಮೂಲ, ಧಮನಿಕಾ, ಕವಾಟ, ಕಿಟಿಕಾ, ಅಪ್ರತಿಹತ, ಬಲಾಹಕಾಂತ ಎಂದು ಸಾಗುವ ಆ ಪಟ್ಟಿಯಲ್ಲಿ ಹಸ್ತಿಕರ್ಣವೆಂದರೆ ಆನೆಯ ಕಿವಿ, ಕವಾಟವೆಂದರೆ ಬಾಗಿಲಿನ ಹಲಗೆ. ಆನೆಯ ಕಿವಿಯ ಹಾಗೆ ಅಗಲವಾದದ್ದು ಒಂದು, ಬಾಗಿಲಿನಂತೆ ಎತ್ತರಕ್ಕೆ ನಿಲ್ಲುವುದು ಇನ್ನೊಂದು. ಮಧ್ಯಯುಗ ಕಾಲಿಡುವ ಮೊದಲೇ ಈ ನೆಲದ ಸೈನಿಕರಿಗೆ ಮೈಮುಚ್ಚುವ ದೊಡ್ಡ ಗುರಾಣಿ ಗೊತ್ತಿತ್ತು ಎಂಬುದನ್ನು ಸಾಂಚಿಯ ತೋರಣದ ಶಿಲ್ಪಗಳಲ್ಲಿ ಕಾಣುವ, ಮೇಲಂಚು ದುಂಡಾದ ಉದ್ದ ಗುರಾಣಿಗಳೂ ಸಮರ್ಥಿಸುತ್ತವೆ. ಗುರಾಣಿ ಸಣ್ಣದಾಗಿ ಹುಟ್ಟಿ ಕ್ರಮೇಣ ದೊಡ್ಡದಾಯಿತೆಂದೋ ದೊಡ್ಡದಾಗಿ ಹುಟ್ಟಿ ಕ್ರಮೇಣ ಕಿರಿದಾಯಿತೆಂದೋ ನೇರ ಗೆರೆ ಎಳೆಯುವ ಪ್ರಯತ್ನ ಇಲ್ಲಿಯೇ ಕೈಬಿಡಬೇಕಾಗುತ್ತದೆ.

ಈ ಚರ್ಚೆಗೆ ಬೇಕಾದ ಅತ್ಯಂತ ಸಮೃದ್ಧ ಆಧಾರ ಕರ್ನಾಟಕದಲ್ಲಿ ದೊರೆಯುವುದು ಅರಮನೆಯ ಆಯುಧಾಗಾರಗಳಲ್ಲಿ ಅಲ್ಲ, ವೀರಗಲ್ಲುಗಳಲ್ಲಿ. ವೀರಗಲ್ಲೆಂದರೆ ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ, ಸಾಮಾನ್ಯವಾಗಿ ಕೆಳಗಿನ ಅಂಕಣದಲ್ಲಿ ಅವನ ಕಾಳಗವನ್ನೂ ನಡುವಣ ಅಂಕಣದಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುವುದನ್ನೂ ಮೇಲಿನ ಅಂಕಣದಲ್ಲಿ ಅವನು ದೇವಸನ್ನಿಧಿ ಸೇರಿದ್ದನ್ನೂ ಕೊರೆದ ಕಲ್ಲು. ಬೆಂಗಳೂರಿನ ಪೂರ್ವ ಮತ್ತು ಈಶಾನ್ಯ ಭಾಗಗಳು, ಇಂದು ಕಮ್ಮನಹಳ್ಳಿ, ಕಲ್ಯಾಣನಗರ, ನಾಗವಾರ, ಹೆಬ್ಬಾಳ ಎಂದು ಹೊರವರ್ತುಲ ರಸ್ತೆಯ ಉದ್ದಕ್ಕೂ ಒಂದಕ್ಕೊಂದು ಅಂಟಿಕೊಂಡಿರುವ ಬಡಾವಣೆಗಳು, ಸಾವಿರದ ಇನ್ನೂರು ವರ್ಷಗಳ ಹಿಂದೆ ಕೆರೆ, ಹೊಲ, ದನದ ಹಿಂಡುಗಳ ನಡುವಣ ಪ್ರತ್ಯೇಕ ಹಳ್ಳಿಗಳ ಸೀಮೆಯಾಗಿದ್ದವು. ಅಲ್ಲಿಯ ಕಾಳಗಗಳೂ ಬಹುಮಟ್ಟಿಗೆ ಹಳ್ಳಿಗಳ ಕಾಳಗಗಳೇ ಆಗಿದ್ದವು. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಗಂಗರ ಶ್ರೀಪುರುಷನ ಆಳ್ವಿಕೆಯ, ಸುಮಾರು ಕ್ರಿ.ಶ. 750ರ ವೀರಗಲ್ಲು ಕಿಟ್ಟಯ್ಯನೆಂಬಾತನ ಸಾವನ್ನು ಹೇಳುತ್ತದೆ ಮತ್ತು ಆ ಊರಿನ ಹಳೆಯ ಹೆಸರು ಪೆರ್ಬೊಳಲು ಎಂಬುದನ್ನು ಉಳಿಸಿಕೊಟ್ಟಿದೆ. ನಗರದ ದಕ್ಷಿಣದ ಬೇಗೂರಿನಲ್ಲಿ ದೊರೆತ, ಸುಮಾರು ಕ್ರಿ.ಶ. 900ರ ಶಾಸನವೊಂದು ಗಂಗರ ಸೇವೆಯಲ್ಲಿದ್ದ ನಾಗತ್ತರನ ಕಡೆಯ ಬುಟ್ಟನಸೆಟ್ಟಿ ಬೆಂಗಳೂರ ಕಾಳಗದಲ್ಲಿ ಮಡಿದನೆಂದು ಹೇಳುವುದರಿಂದ, ಈ ಮಹಾನಗರದ ಹೆಸರು ನಮಗೆ ಮೊದಲು ಸಿಗುವುದೇ ಒಂದು ಜಗಳದ, ಒಂದು ಸಾವಿನ ಲೆಕ್ಕದಲ್ಲಿ. ತುರುಗೊಳ್, ಅಂದರೆ ದನಗಳನ್ನು ಸೂರೆಹೊಡೆದು ಅಟ್ಟಿಕೊಂಡು ಹೋಗುವುದು. ಊರಳಿವು, ಅಂದರೆ ಊರಿನ ಮೇಲೆ ಬಿದ್ದು ಹಾಳುಮಾಡುವುದು. ಇವೇ ಆ ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಕಾರಣಗಳು. ಇಂಥ ಕಾಳಗಕ್ಕೆ ಓಡಿಬಂದವನು ಸಂಬಳದ ಸೈನಿಕನೇ ಆಗಿರಬೇಕಾಗಿರಲಿಲ್ಲ. ಅವನ ಕೈಗೆ ಸಿಕ್ಕಿದ್ದು ಮನೆಯಲ್ಲಿದ್ದ ಆಯುಧ.

ಗಂಗರ ಕಾಲದ ಇಂಥ ಕಲ್ಲುಗಳನ್ನು ಗುರಾಣಿಯನ್ನು ಹುಡುಕುತ್ತ ನೋಡುವವರಿಗೆ ಮೊದಲು ಎದುರಾಗುವುದು ಅದರ ಗೈರುಹಾಜರಿ. ಕೋಲಾರ, ಬೆಂಗಳೂರು ಸೀಮೆಯ ಕಲ್ಲುಗಳಲ್ಲಿ ಎಡಗೈಯಲ್ಲಿ ಬಿಲ್ಲು, ಬಲಗೈಯಲ್ಲಿ ಮೇಲಕ್ಕೆತ್ತಿದ ಕಿರುಗತ್ತಿ ಹಿಡಿದು ನಿಂತ ವೀರ ಪದೇ ಪದೇ ಕಾಣಿಸುತ್ತಾನೆ, ಮತ್ತು ಅವನ ಮೈಗೆ ಬಾಣಗಳು ನಾಟಿರುತ್ತವೆ. ಈ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ಓದಬಾರದು. ಬಿಲ್ಲುಗಾರನಿಗೆ ಎರಡೂ ಕೈ ಬೇಕು; ದೂರದ ಹೋರಾಟ ಮುಗಿದು ಶತ್ರು ಮೈಮೇಲೆ ಬಿದ್ದಾಗ ಬಾಣ ಬಿಟ್ಟ ಬಲಗೈ ಸೊಂಟದ ಕತ್ತಿಗೆ ಹೋಗುತ್ತದೆ, ಆದರೆ ಎಡಗೈ ಬಿಲ್ಲನ್ನು ಎಸೆಯುವುದಿಲ್ಲ, ಏಕೆಂದರೆ ಕ್ಷಣದಲ್ಲಿ ಅದು ಮತ್ತೆ ಬೇಕಾಗಬಹುದು ಮತ್ತು ಬಿಲ್ಲಿನ ದಂಡದಿಂದಲೇ ಒಂದೆರಡು ಹೊಡೆತ ತಡೆಯಬಹುದು. ಹಾಗೆ ಎಡಗೈಯನ್ನು ಬಿಲ್ಲಿಗೆ ಒಪ್ಪಿಸಿದವನು ಬಾಣಕ್ಕೆ ತನ್ನ ಎದೆಯನ್ನೇ ಒಡ್ಡಬೇಕಾಗುತ್ತದೆ. ಮೈಗೆ ನಾಟಿದ ಬಾಣಗಳನ್ನು ಶಿಲ್ಪಿ ಶೌರ್ಯದ ಗುರುತಾಗಿ ಕೆತ್ತಿದನೆಂಬುದು ನಿಜ. ಆದರೆ ಆ ಶೌರ್ಯದ ಹಿಂದೆ ಎರಡೇ ಕೈಗಳಿರುವ ಮನುಷ್ಯನ ಇಕ್ಕಟ್ಟೂ ಕಲ್ಲಿನಲ್ಲಿ ಉಳಿದಿದೆ.

ಬೇಗೂರಿನ ಇನ್ನೊಂದು ಕಲ್ಲು ಇದಕ್ಕಿಂತ ದೊಡ್ಡ ಪ್ರಮಾಣದ ಯುದ್ಧವನ್ನು ತೋರಿಸುತ್ತದೆ. ಗಂಗರ ದೊರೆ ಎರೆಯಪ್ಪನು ಅಯ್ಯಪದೇವನ ನೆರವಿಗೆ ಕಳುಹಿಸಿದ ಅದೇ ನಾಗತ್ತರನು ತುಂಬೆಪಾಡಿಯಲ್ಲಿ ವೀರಮಹೇಂದ್ರನ ಕಡೆಯ ಆನೆಗಳೊಂದಿಗೆ ಕಾದಾಡಿ ಮಡಿದುದನ್ನು ಹೇಳುವ ಈ ಕಲ್ಲಿನ ಶಿಲ್ಪದಲ್ಲಿ ಕುದುರೆ, ಆನೆ, ಕಾಲಾಳುಗಳು ಕಿಕ್ಕಿರಿದಿದ್ದಾರೆ. ಅದು ಈಗ ಇರುವುದು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಆನೆಯ ಎದುರು ನಿಂತ ಕಾಲಾಳಿಗೆ ಗುರಾಣಿ ಹೆಚ್ಚಿನ ಪ್ರಯೋಜನಕ್ಕೆ ಬರುವುದಿಲ್ಲ, ಆನೆಯ ಮೇಲಿನಿಂದ ಬೀಳುವ ಭರ್ಜಿ ಮತ್ತು ಬಾಣಗಳಿಗೆ ಮಾತ್ರ ಅದು ತಡೆ. ಮೇಲಿನಿಂದ ಬರುವ ಪೆಟ್ಟಿಗೆ ಗುರಾಣಿಯನ್ನು ತಲೆಯ ಮೇಲಕ್ಕೆ ಎತ್ತಬೇಕು, ಎತ್ತಿ ಹಿಡಿಯಬೇಕಾದರೆ ಅದು ಹಗುರಾಗಿರಬೇಕು. ಹಗುರವಾಗಿಯೂ ಗಟ್ಟಿಯಾಗಿಯೂ ಇರುವುದು ಉಬ್ಬಿದ ತೊಗಲಿನ ದುಂಡು ಗುರಾಣಿ. ಆನೆ ಮತ್ತು ಕುದುರೆ ಇರುವ ಸೇನೆಗಳ ನಾಡಿನಲ್ಲಿ ದುಂಡು ಆಕಾರ ಇಷ್ಟು ಕಾಲ ಬಾಳಿದ್ದಕ್ಕೆ ಇದೂ ಒಂದು ಕಾರಣವಾಗಿರಬೇಕು.

ಚಾಲುಕ್ಯರ, ಹೊಯ್ಸಳರ ಕಾಲಕ್ಕೆ ಬಂದರೆ ಶಿಲ್ಪದಲ್ಲಿ ಗುರಾಣಿಗಳಿಗೆ ಬರವಿಲ್ಲ. ಐಹೊಳೆ, ಬಾದಾಮಿಯಿಂದ ಹಿಡಿದು ಬೇಲೂರು, ಹಳೆಬೀಡಿನವರೆಗೆ ದುರ್ಗೆಯ ಬಲಗೈಗಳಲ್ಲಿ ಒಂದರಲ್ಲಿ ಖಡ್ಗ, ಎಡಗೈಗಳಲ್ಲಿ ಒಂದರಲ್ಲಿ ಖೇಟಕ ಇರುವುದು ಮೂರ್ತಿಶಿಲ್ಪದ ನಿಯಮ; ಎಷ್ಟು ಕೈಗಳಿದ್ದರೂ ಗುರಾಣಿ ಎಡಭಾಗವನ್ನು ಬಿಟ್ಟು ಹೋಗುವುದಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವಾಲಯದಲ್ಲಿ, ಅದಕ್ಕಿಂತ ಹೆಚ್ಚಾಗಿ ಹಳೆಬೀಡಿನ ರಾಮಾಯಣ ಮಹಾಭಾರತಗಳ ಪಟ್ಟಿಕೆಗಳಲ್ಲಿ ಯುದ್ಧದ ದೃಶ್ಯಗಳು ಸಾಲುಸಾಲಾಗಿವೆ. ಈ ಕಾಲದ ವೀರಗಲ್ಲುಗಳಲ್ಲಿ ದುಂಡು ಗುರಾಣಿಯ ಜೊತೆಗೆ, ಸಾಲಾಗಿ ನಿಂತ ಕಾಲಾಳುಗಳ ಮುಂದೆ ಉದ್ದನೆಯ, ನೀಳ ಚೌಕದ ಗುರಾಣಿಗಳೂ ಕಾಣುತ್ತವೆ. ಒಂಟಿಯಾಗಿ ಹೋರಾಡುವವನ ಕೈಯಲ್ಲಿ ದುಂಡು, ಸಾಲಿನಲ್ಲಿ ನಿಂತವನ ಕೈಯಲ್ಲಿ ಉದ್ದ ಎಂಬ ಈ ವ್ಯತ್ಯಾಸ ಕಾಕತಾಳೀಯವಲ್ಲ: ಸಾಲಿನಲ್ಲಿ ನಿಂತವನು ತನ್ನ ಬಲಗಡೆಯ ರಕ್ಷಣೆಯನ್ನು ಪಕ್ಕದವನ ಗುರಾಣಿಯ ಅಂಚಿಗೆ ಬಿಟ್ಟುಕೊಡಬಹುದು, ಅವನು ಹೆಚ್ಚು ತಿರುಗಬೇಕಾಗಿಲ್ಲ, ಆದ್ದರಿಂದ ಭಾರ ಹೆಚ್ಚಾದರೂ ನಡೆಯುತ್ತದೆ, ಒಂಟಿಯಾಗಿರುವವನು ಎಲ್ಲ ಕಡೆಗೂ ತಿರುಗಬೇಕು, ಅವನ ಗುರಾಣಿ ಅವನ ಮುಂಗೈಯಷ್ಟೇ ವೇಗವಾಗಿ ತಿರುಗಬೇಕು.

ಆದರೆ ಶಿಲ್ಪವನ್ನು ಸಾಕ್ಷಿಯಾಗಿ ಕರೆಯುವಾಗ ಒಂದು ಎಚ್ಚರ ಅಗತ್ಯ, ಮತ್ತು ಈ ಎಚ್ಚರವಿಲ್ಲದೆ ಬರೆದ ಆಯುಧಚರಿತ್ರೆಗಳು ದಾರಿ ತಪ್ಪುವ ಸಂಭವವಿದೆ. ಶಿಲ್ಪಿಯ ಉದ್ದೇಶ ವೀರನನ್ನು ತೋರಿಸುವುದು. ಎದೆಯಿಂದ ಮೊಣಕಾಲಿನವರೆಗೆ ಮೈಮುಚ್ಚುವ ಗುರಾಣಿಯನ್ನು ಇದ್ದ ಅಳತೆಯಲ್ಲಿಯೇ ಕಡೆದರೆ ಕಲ್ಲಿನಲ್ಲಿ ಉಳಿಯುವುದು ಗುರಾಣಿಯೇ ಹೊರತು ವೀರನಲ್ಲ. ಅವನ ಕಂಠಾಭರಣ, ಸೊಂಟಪಟ್ಟಿ, ಕತ್ತಿಯ ಒರೆ, ಮೈಯ ಬಾಗು ಎಲ್ಲವೂ ಮರೆಯಾಗುತ್ತವೆ. ಆದ್ದರಿಂದ ಶಿಲ್ಪಿ ಗುರಾಣಿಯನ್ನು ಕಿರಿದು ಮಾಡುತ್ತಾನೆ, ಇಲ್ಲವೇ ಪಕ್ಕಕ್ಕೆ ಸರಿಸುತ್ತಾನೆ, ಇಲ್ಲವೇ ಅದರ ಬದಿಯ ಅಂಚನ್ನಷ್ಟೇ ತೋರಿಸುತ್ತಾನೆ. ದೇವಿಯ ಕೈಯ ಖೇಟಕ ಅಂಗೈಯಗಲದ ಬಿಲ್ಲೆಯಷ್ಟಿದೆ ಎಂದ ಮಾತ್ರಕ್ಕೆ ಅಂದಿನ ಗುರಾಣಿಗಳು ಅಷ್ಟೇ ಇದ್ದವು ಎನ್ನುವುದು, ವಿಗ್ರಹದ ಪಾದದ ಬಳಿ ಆನೆ ಮೊಣಕಾಲೆತ್ತರಕ್ಕಿದೆ ಎಂದು ಆನೆಯ ಎತ್ತರವನ್ನು ಅಳೆದಂತೆ. ಅಳತೆಯ ವಿಷಯದಲ್ಲಿ ಕಲ್ಲನ್ನು ನಂಬುವುದು ಕಷ್ಟ. ಹಿಡಿತದ ವಿಷಯದಲ್ಲಿ ಅದನ್ನು ನಂಬಬಹುದು, ಏಕೆಂದರೆ ಬೆರಳುಗಳು ಎಲ್ಲಿ ಮಡಚಿವೆ, ಮೊಣಕೈ ಎಷ್ಟು ಬಾಗಿದೆ ಎಂಬುದರಲ್ಲಿ ಸುಳ್ಳು ಹೇಳಲು ಶಿಲ್ಪಿಗೆ ಕಾರಣವೇ ಇರಲಿಲ್ಲ.

ಹಿಡಿತದಲ್ಲಿ ಮುಖ್ಯವಾಗಿ ಎರಡು ಬಗೆ. ಗುರಾಣಿಯ ನಡುವೆ ಒಂದೇ ಅಡ್ಡಹಿಡಿಯಿದ್ದು ಅದನ್ನು ಮುಷ್ಟಿಯಲ್ಲಿ ಹಿಡಿಯುವುದು ಒಂದು. ಮೊಣಕೈಯ ಬಳಿ ಒಂದು ಪಟ್ಟಿ, ಮುಷ್ಟಿಗೆ ಇನ್ನೊಂದು ಪಟ್ಟಿ ಇದ್ದು ಗುರಾಣಿ ಮುಂಗೈಗೆ ಕಟ್ಟಿದಂತೆ ಕೂರುವುದು ಇನ್ನೊಂದು. ಮೊದಲನೆಯದರಲ್ಲಿ ಗುರಾಣಿಯನ್ನು ಮೈಯಿಂದ ದೂರಕ್ಕೆ ಚಾಚಿ ಶತ್ರುವಿನ ಕತ್ತಿಯನ್ನು ದಾರಿಯಲ್ಲಿಯೇ ತಡೆಯಬಹುದು, ಅಂಚಿನಿಂದ ತಳ್ಳಬಹುದು, ಬೇಕಾದರೆ ಬಿಸಾಡಿ ಓಡಬಹುದು. ಆದರೆ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಎರಡನೆಯದರಲ್ಲಿ ಭಾರವನ್ನು ಇಡೀ ತೋಳು ಹೊರುತ್ತದೆ, ಬೆರಳುಗಳನ್ನು ಸಡಿಲಿಸಿ ಲಗಾಮು ಹಿಡಿಯಲೂ ಸಾಧ್ಯ. ಆದರೆ ಗುರಾಣಿ ಮೈಗೆ ಹತ್ತಿರವೇ ಉಳಿಯುತ್ತದೆ.

ಈ ವ್ಯತ್ಯಾಸ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಅದೇ ಕಾಲದ ಯುರೋಪಿನಲ್ಲಿ ಸ್ಪಷ್ಟವಾಗಿ ಕಾಣಬಹುದು. ಬೇಗೂರಿನ ಕಲ್ಲು ಕಡೆಯುತ್ತಿದ್ದ ಸುಮಾರಿಗೇ, ಎಂದರೆ ಕ್ರಿ.ಶ. 900ರ ಹೊತ್ತಿಗೆ, ನಾರ್ವೆಯಲ್ಲಿ ಸತ್ತ ಗಣ್ಯನೊಬ್ಬನೊಂದಿಗೆ ಮಣ್ಣು ಮಾಡಿ 1880ರಲ್ಲಿ ಅಗೆದು ತೆಗೆದ ಗೋಕ್‌ಸ್ಟಾಡ್ ಹಡಗಿನ ಎರಡು ಬದಿಗಳಲ್ಲಿ ತಲಾ 32ರಂತೆ 64 ದುಂಡು ಗುರಾಣಿಗಳಿದ್ದವು. ಒಂದೊಂದೂ ಸುಮಾರು 94 ಸೆಂಟಿಮೀಟರ್ ಅಗಲದ ಮರದ ಹಲಗೆಗಳ ಜೋಡಣೆ, ಕಪ್ಪು ಹಳದಿ ಬಣ್ಣಗಳನ್ನು ಒಂದು ಬಿಟ್ಟು ಒಂದಕ್ಕೆ ಬಳಿದದ್ದು. ನಡುವೆ ಮುಷ್ಟಿ ಹಿಡಿಸುವಷ್ಟು ರಂಧ್ರ, ಮುಷ್ಟಿಯನ್ನು ಕಾಯಲು ಅದರ ಮುಂದೆ ಕಬ್ಬಿಣದ ಗುಬುಟು. ಇದು ನೆಲದ ಮೇಲೆ ನಿಂತು ಹೋರಾಡುವವನ ಗುರಾಣಿ. ಇನ್ನೂರು ವರ್ಷಗಳೊಳಗೆ ಅಲ್ಲಿ ಕುದುರೆಯ ಮೇಲಿನ ಯೋಧ ಮುಖ್ಯನಾಗುತ್ತಿದ್ದಂತೆ, 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಕಥೆಯನ್ನು ಚಿತ್ರಿಸುವ ಬೇಯೂ ಕಸೂತಿಪಟದಲ್ಲಿ ಕಾಣುವಂತೆ, ಗುರಾಣಿ ಮೇಲೆ ದುಂಡಾಗಿ ಕೆಳಗೆ ಚೂಪಾದ ಉದ್ದನೆಯ ಹನಿಯಾಕಾರಕ್ಕೆ ಹಿಗ್ಗಿತು. ಕೆಳಗಿನ ಚೂಪು ಸವಾರನ ಎಡಗಾಲನ್ನು ಮುಚ್ಚುವುದಕ್ಕೆ. ಲಗಾಮು ಹಿಡಿದ ಎಡಗೈಗೆ ಭಾರವಾಗದಂತೆ ಕೊರಳಿನಿಂದ ಇಳಿಬಿಟ್ಟ ಉದ್ದನೆಯ ಪಟ್ಟಿ ಅದನ್ನು ಹೊರುತ್ತಿತ್ತು. ಮುಂದೆ ಮುಖ ಮುಚ್ಚುವ ಶಿರಸ್ತ್ರಾಣ ಬಂದಾಗ ಮೇಲಿನ ದುಂಡು ಬೇಡವಾಗಿ ಅಂಚು ನೇರವಾಯಿತು. ಕಾಲಿಗೂ ಕವಚ ಬಂದಾಗ ಕೆಳಗಿನ ಬಾಲ ಮೊಟಕಾಗಿ 13ನೆಯ ಶತಮಾನದಲ್ಲಿ ಇಸ್ತ್ರಿಪೆಟ್ಟಿಗೆಯ ತಳದಂಥ ಮುಮ್ಮೂಲೆಯ ಗುರಾಣಿ ಉಳಿಯಿತು. ಮೈಗೆಲ್ಲ ಉಕ್ಕಿನ ತಗಡು ಹೊದಿಸುವ 15ನೆಯ ಶತಮಾನದಲ್ಲಿ ಸವಾರನಿಗೆ ಗುರಾಣಿಯೇ ಬೇಡವಾಯಿತು. ಯುರೋಪಿನ ಗುರಾಣಿ ಹೀಗೆ ಕವಚಕ್ಕೆ ಒಂದೊಂದಾಗಿ ತನ್ನ ಅಂಗಗಳನ್ನು ಬಿಟ್ಟುಕೊಡುತ್ತ ಕರಗಿತು.

ದಕ್ಷಿಣ ಭಾರತದಲ್ಲಿ ಆ ದಾರಿ ತೆರೆಯಲೇ ಇಲ್ಲ. ಇಲ್ಲಿಯ ಸೈನಿಕನ ಮೈರಕ್ಷೆ ಬಹುಮಟ್ಟಿಗೆ ಹತ್ತಿ ತುಂಬಿ ಒತ್ತಾಗಿ ಹೊಲಿದ ಅಂಗಿ. ಬಿಸಿಲಿಗೆ ಹೊಂದುವ, ಬಾಣದ ವೇಗವನ್ನು ತಕ್ಕಮಟ್ಟಿಗೆ ಹೀರುವ, ಆದರೆ ಭರ್ಜಿಯ ನೇರ ಇರಿತವನ್ನು ಪೂರ್ತಿ ತಡೆಯಲಾರದ ಉಡುಪು. ಹೀಗಾಗಿ ಗುರಾಣಿಗೆ ಇಲ್ಲಿ ಕೆಲಸ ತಪ್ಪಲಿಲ್ಲ. ತಪ್ಪದೆ ಉಳಿದ ಆ ಗುರಾಣಿಯ ಅತ್ಯಂತ ಪಕ್ವ ರೂಪವೇ ಡಾಲು. ಇದರ ತಯಾರಿಕೆ ತೊಗಲು ಕೆಲಸದವರ ಜಾಣ್ಮೆಗೆ ಒಂದು ಉತ್ತಮ ನಿದರ್ಶನ: ಎಮ್ಮೆಯ ದಪ್ಪ ತೊಗಲನ್ನು, ಶ್ರೀಮಂತರ ಪಾಲಿಗಾದರೆ ಖಡ್ಗಮೃಗದ ತೊಗಲನ್ನು, ನೆನೆಸಿ ಮೆದುಮಾಡಿ ಉಬ್ಬಿದ ಅಚ್ಚಿನ ಮೇಲೆ ಎಳೆದು ಒತ್ತಿ ಒಣಗಿಸುತ್ತಾರೆ, ಒಣಗಿದ ತೊಗಲು ಮರದಷ್ಟೇ ಗಡುಸಾಗುತ್ತದೆ, ಆದರೆ ಮರದಂತೆ ಸೀಳುವುದಿಲ್ಲ. ಅದರ ಮೇಲೆ ಎಣ್ಣೆ, ಅರಗಿನ ಮೆರುಗು. ಮುಂಭಾಗದಲ್ಲಿ ಸಾಮಾನ್ಯವಾಗಿ ಕಾಣುವ ನಾಲ್ಕು ಲೋಹದ ಗುಬುಟುಗಳನ್ನು ಅಲಂಕಾರವೆಂದು ತಿಳಿಯುವುದುಂಟು. ಅವು ಹಿಂಭಾಗದ ಎರಡು ಹಿಡಿಗಳ ನಾಲ್ಕು ತುದಿಗಳನ್ನು ಬಿಗಿದ ಮೊಳೆಗಳ ತಲೆಗಳು. ಹಿಂದೆ ಆ ನಾಲ್ಕರ ನಡುವೆ ಒಂದು ಚೌಕದ ಮೆತ್ತೆ. ಹೊಡೆತ ಬಿದ್ದಾಗ ಬೆರಳಿನ ಗೆಣ್ಣುಗಳು ಜಜ್ಜಿಹೋಗದಂತೆ ಅದು ಕಾಯುತ್ತದೆ. ಎರಡು ಹಿಡಿಗಳನ್ನು ಒಟ್ಟಿಗೆ ಸೇರಿಸಿ ಮುಷ್ಟಿಯಲ್ಲಿ ಹಿಡಿದರೆ ನಡುಹಿಡಿಯ ಗುರಾಣಿಯ ಚುರುಕು ಬರುತ್ತದೆ. ಅವುಗಳೊಳಗೆ ಕೈ ತೂರಿಸಿ ಮುಂಗೈಗೆ ಏರಿಸಿದರೆ ಲಗಾಮು ಹಿಡಿಯಲು ಬೆರಳು ಬಿಡುವಾಗುತ್ತವೆ. ಬೇಡವಾದಾಗ ಹೆಗಲಿಗೆ ಇಳಿಬಿಟ್ಟರೆ ಓಡುವವನ ಬೆನ್ನಿಗೆ ಅದೇ ರಕ್ಷೆ. ಯುರೋಪು ಎರಡು ಬೇರೆ ಬೇರೆ ಗುರಾಣಿಗಳಲ್ಲಿ ಬಿಡಿಸಿದ ಸಮಸ್ಯೆಯನ್ನು ಡಾಲು ಸುಮಾರು 20ರಿಂದ 60 ಸೆಂಟಿಮೀಟರ್ ಅಗಲದ ಒಂದೇ ತೊಗಲ ಬಟ್ಟಲಿನಲ್ಲಿ ಬಿಡಿಸಿತು. ಬಾಗಿದ ಕತ್ತಿಯ ಜಾರುಹೊಡೆತಕ್ಕೆ ಉಬ್ಬಿದ ಮೇಲ್ಮೈ ಬಹಳ ಸೂಕ್ತವಾದ ಎದುರಾಳಿ, ಏಕೆಂದರೆ ಅಲಗು ಕಚ್ಚಿಕೊಳ್ಳುವ ಮೊದಲೇ ಜಾರಿಹೋಗುತ್ತದೆ. ಬಹಮನಿ ಸುಲ್ತಾನರ ರಾಜ್ಯ 1347ರಲ್ಲಿ ಸ್ಥಾಪನೆಯಾದ ಮೇಲಿನ ಶತಮಾನಗಳಲ್ಲಿ ದಖ್ಖನ್ನಿನಲ್ಲಿ ಬಾಗಿದ ಕತ್ತಿಯೂ ಉಬ್ಬಿದ ಡಾಲೂ ಜೊತೆಜೊತೆಯಾಗಿ ಹರಡಿದ್ದರಲ್ಲಿ ಆಶ್ಚರ್ಯವಿಲ್ಲ.

ವಿಜಯನಗರದ ಕಾಲಕ್ಕೆ ಕಲ್ಲಿನ ಜೊತೆಗೆ ಕಣ್ಣಾರೆ ಕಂಡವರ ಬರವಣಿಗೆಯೂ ದೊರೆಯುತ್ತದೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಸೇನೆಯ ಪ್ರದರ್ಶನವನ್ನು ವರ್ಣಿಸುವಾಗ ಗುರಾಣಿಯವರ ಪಡೆಯ ಮುಂದೆ ಬಹಳ ಹೊತ್ತು ನಿಲ್ಲುತ್ತಾನೆ: ಚಿನ್ನ ಬೆಳ್ಳಿಯ ಹೂಗಳಿದ್ದವು ಕೆಲವು, ಹುಲಿ ಮೊದಲಾದ ದೊಡ್ಡ ಮೃಗಗಳ ಚಿತ್ರಗಳಿದ್ದವು ಕೆಲವು, ಬೆಳ್ಳಿಯ ಎಲೆಗೆಲಸ ಹೊದಿಸಿದವು ಕೆಲವು, ಇನ್ನು ಕೆಲವು ಕನ್ನಡಿಯಂತೆ ಮುಖ ಕಾಣಿಸುವಷ್ಟು ಹೊಳಪು ಕೊಟ್ಟ ಕರಿಯ ಗುರಾಣಿಗಳು. ಆ ಕರಿಯ ಹೊಳಪು ಅರಗು ಬಳಿದು ಉಜ್ಜಿದ ತೊಗಲಿನದೇ ಇರಬೇಕೆಂಬುದು ತಯಾರಿಕೆಯ ಕ್ರಮ ಬಲ್ಲವರಿಗೆ ಹೊಳೆಯುವ ಊಹೆ. ಅವನಿಗಿಂತ ಸುಮಾರು 15 ವರ್ಷಗಳ ತರುವಾಯ ಬರೆದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್, 1520ರ ರಾಯಚೂರು ದಂಡಯಾತ್ರೆಯನ್ನು ಹೇಳುವಾಗ ಇದಕ್ಕಿಂತಲೂ ಅಮೂಲ್ಯವಾದ ಮಾತೊಂದನ್ನು ದಾಖಲಿಸುತ್ತಾನೆ. ಬಿಲ್ಲುಗಾರರು ಮತ್ತು ಕೋವಿಯವರು ಹತ್ತಿಯ ಅಂಗಿ ತೊಟ್ಟಿದ್ದರು. ಗುರಾಣಿಯವರ ಬಳಿ ಕತ್ತಿ ಮತ್ತು ಸೊಂಟದಲ್ಲಿ ಕಿರುಗತ್ತಿ ಇದ್ದವು. ಅವರ ಗುರಾಣಿಗಳು ಎಷ್ಟು ದೊಡ್ಡವೆಂದರೆ ಮೈಯೆಲ್ಲ ಮುಚ್ಚಿ ಬೇರೆ ಕವಚವೇ ಬೇಕಿರಲಿಲ್ಲ ಎಂಬುದು ಅವನ ಹೇಳಿಕೆಯ ಸಾರ. ಎರಡೂ ಕೈ ಬಿಲ್ಲಿಗೋ ಕೋವಿಗೋ ಕೊಟ್ಟವರಿಗೆ ಅಂಗಿ, ಎಡಗೈ ಬಿಡುವಿದ್ದವರಿಗೆ ಗುರಾಣಿ: ಗಂಗರ ವೀರಗಲ್ಲಿನ ಬಿಲ್ಲುಗಾರನ ಇಕ್ಕಟ್ಟಿಗೆ 700 ವರ್ಷಗಳ ನಂತರ ಒಂದು ಸಾಮ್ರಾಜ್ಯ ಕಂಡುಕೊಂಡ ವ್ಯವಸ್ಥಿತ ಉತ್ತರ ಇದು. ಹಂಪಿಯ ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯಲ್ಲಿ ಆನೆ, ಕುದುರೆ, ಕಾಲಾಳುಗಳ ಮೆರವಣಿಗೆಯನ್ನು ನೋಡುವವರು ನೂನಿಜ್‌ನ ಮಾತನ್ನು ನೆನಪಿನಲ್ಲಿಟ್ಟುಕೊಂಡು, ಶಿಲ್ಪಿ ಕಿರಿದು ಮಾಡಿದ್ದನ್ನು ಮನಸ್ಸಿನಲ್ಲಿ ಹಿಗ್ಗಿಸಿಕೊಳ್ಳಬೇಕಾಗುತ್ತದೆ.

ಗುರಾಣಿಯ ಬಳಕೆಯನ್ನು ಬರಿಯ ತಡೆ ಎಂದು ತಿಳಿಯುವುದೂ ಅಪೂರ್ಣ ತಿಳಿವಳಿಕೆಯೇ. ಎಡಗಾಲು ಮುಂದಿಟ್ಟು ಎಡಹೆಗಲು ತಿರುಗಿಸಿ ನಿಂತವನ ಬಲಗೈ ಗುರಾಣಿಯ ಹಿಂದೆ ಮರೆಯಾಗಿರುತ್ತದೆ, ಕತ್ತಿ ಎಲ್ಲಿಂದ ಬರುತ್ತದೆ ಎಂಬುದು ಎದುರಾಳಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಗುಬುಟಿನಿಂದ ಮುಖಕ್ಕೆ ಗುದ್ದುವುದು, ಅಂಚನ್ನು ಎದುರಾಳಿಯ ಗುರಾಣಿಯ ಅಂಚಿಗೆ ಸಿಕ್ಕಿಸಿ ಎಳೆಯುವುದು, ತನ್ನ ಗುರಾಣಿಯಿಂದ ಅವನ ಕತ್ತಿಯ ಕೈಯನ್ನೇ ಅವನ ಮೈಗೆ ಒತ್ತಿ ಹಿಡಿಯುವುದು, ಇವೆಲ್ಲ ಗುರಾಣಿ ಕಲಿತವನ ವರಸೆಗಳು. ಮರದ ಗುರಾಣಿಯಲ್ಲಿ ನಾಟಿದ ಭರ್ಜಿ ಸುಲಭಕ್ಕೆ ಹೊರಬರದೆ ಅದರ ಭಾರಕ್ಕೆ ಗುರಾಣಿಯೇ ಕೆಳಗೆ ಜಗ್ಗುತ್ತದೆ. ಉಬ್ಬಿದ ತೊಗಲಿನಲ್ಲಿ ಆ ಅಪಾಯ ಕಡಿಮೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ 'ಮಾನಸೋಲ್ಲಾಸ' ರಾಜನ ವಿನೋದಗಳಲ್ಲಿ ಶಸ್ತ್ರವಿದ್ಯೆಯ ಪ್ರದರ್ಶನವನ್ನೂ ಅಂಕವಿನೋದವನ್ನೂ, ಅಂದರೆ ಇಬ್ಬರ ನಡುವಣ ಆಯುಧದ ಕಾಳಗವನ್ನೂ ಸೇರಿಸಿರುವುದು ಈ ವರಸೆಗಳಿಗೆ ಆ ಕಾಲದಲ್ಲಿ ಶಾಸ್ತ್ರದ ಮನ್ನಣೆ ಇತ್ತೆಂಬುದನ್ನು ತೋರಿಸುತ್ತದೆ.

ನೂನಿಜ್ ವರ್ಣಿಸುವ ಆ ರಾಯಚೂರು ದಂಡಯಾತ್ರೆಯ ಮುತ್ತಿಗೆಯಲ್ಲಿಯೇ ಗುರಾಣಿಯ ಅಂತ್ಯವೂ ಕಣ್ಣಿಗೆ ಬೀಳುತ್ತದೆ. ಕೋಟೆಯ ಗೋಡೆಯ ಮೇಲೆ ನಿರ್ಭಯವಾಗಿ ಕಾಣಿಸಿಕೊಳ್ಳುತ್ತಿದ್ದ ರಕ್ಷಕರನ್ನು, ಕೃಷ್ಣದೇವರಾಯನ ಕಡೆ ಸೇರಿದ್ದ ಕ್ರಿಸ್ಟೋವಾವೊ ಡಿ ಫಿಗೆರೆಡೊನ ಪೋರ್ಚುಗೀಸ್ ಬಂದೂಕುದಾರರು ಕೆಳಗಿನಿಂದ ಗುರಿಯಿಟ್ಟು ಹೊಡೆದು ತೆರವು ಮಾಡಿ, ಗೋಡೆಯ ಕಲ್ಲುಗಳನ್ನು ಕೀಳುವವರಿಗೆ ದಾರಿ ಮಾಡಿಕೊಟ್ಟರೆಂದು ನೂನಿಜ್ ಬರೆಯುತ್ತಾನೆ. ಬಾಣವನ್ನು ತಡೆಯುವ ತೊಗಲು ಗುಂಡನ್ನು ತಡೆಯುವುದಿಲ್ಲ. ಗುಂಡನ್ನು ತಡೆಯುವಷ್ಟು ದಪ್ಪದ ಉಕ್ಕನ್ನು ಎಡಗೈ ಹೊರುವುದಿಲ್ಲ. ಆದರೂ ಮುಂದಿನ ಎರಡೂವರೆ ಶತಮಾನ ಕತ್ತಿ ಡಾಲುಗಳ ಕಾಲಾಳು ಪೂರ್ತಿ ಮಾಯವಾಗಲಿಲ್ಲ, ಏಕೆಂದರೆ ಒಂದು ಸಲ ಹಾರಿಸಿದ ಬಂದೂಕನ್ನು ಮತ್ತೆ ತುಂಬುವಷ್ಟರಲ್ಲಿ ಕತ್ತಿಯವನು ಹತ್ತಿರ ಬರಬಹುದಾಗಿತ್ತು. 1791ರ ಮಾರ್ಚ್ 7ರಂದು ಬೆಂಗಳೂರಿನ ಪೇಟೆಯನ್ನೂ 21ರ ರಾತ್ರಿ ಕೋಟೆಯನ್ನೂ ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆ ಹಿಡಿದದ್ದು ಫಿರಂಗಿಯಿಂದ ಗೋಡೆ ಒಡೆದು, ಬಂದೂಕಿನ ತುದಿಗೆ ಚುಚ್ಚುವ ಸನೀನು ಸಿಕ್ಕಿಸಿಕೊಂಡು; ಸನೀನು ಬಂದಮೇಲೆ ಬಂದೂಕೇ ಭರ್ಜಿಯೂ ಆಗಿ, ಸೈನಿಕನ ಎರಡೂ ಕೈಗಳನ್ನು ಒಂದೇ ಆಯುಧ ತನ್ನದಾಗಿಸಿಕೊಂಡಿತು. 1809ರಲ್ಲಿ ಹಲಸೂರಿನ ಬದಿಯಲ್ಲಿ ಬ್ರಿಟಿಷರ ದಂಡು ನೆಲೆಗೊಂಡಾಗ ಅದರ ಕವಾಯತಿನಲ್ಲಿ ಗುರಾಣಿಗೆ ಸ್ಥಳವಿರಲಿಲ್ಲ.

ಯುದ್ಧದಿಂದ ಹೊರಬಿದ್ದ ಗುರಾಣಿ ಅನಿರೀಕ್ಷಿತ ಜಾಗಗಳಲ್ಲಿ ಉಳಿದುಕೊಂಡಿದೆ. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಇಂದಿಗೂ ದಲಾಯತ್ ಎಂಬ ಹುದ್ದೆಯಿದೆ. ಆ ಮಾತಿನ ಮೂಲ ಡಾಲು ಹಿಡಿದವನು ಎಂಬರ್ಥದ ಢಲೈತ್, ಅಧಿಕಾರಿಯ ಮುಂದೆ ಗುರಾಣಿ ಹಿಡಿದು ನಡೆಯುತ್ತಿದ್ದ ಕಾವಲಿನವನ ಹೆಸರು. ವೀರಗಾಸೆಯ ಕುಣಿತದವರ ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ವೀರಭದ್ರನನ್ನು ಕೆತ್ತಿದ ಮರದ ಫಲಕ ಇರುತ್ತದೆ. ಗುರಾಣಿಯ ಜಾಗದಲ್ಲಿ ದೇವರೇ ಬಂದು ಕುಳಿತಂತಿರುವ ಆ ಹಿಡಿತವನ್ನು ಖಡ್ಗ ಖೇಟಕಗಳ ಜೋಡಿಯಿಂದ ಬೇರ್ಪಡಿಸಿ ನೋಡುವುದು ಕಷ್ಟ. ಬೆಂಗಳೂರು ಕರಗದ ವೀರಕುಮಾರರ ಕೈಯಲ್ಲಿ ಮಾತ್ರ ಒರೆಯಿಂದ ಹಿರಿದ ಕತ್ತಿಯಷ್ಟೇ, ಗುರಾಣಿಯಿಲ್ಲ. ಅಲಗು ಸೇವೆಯಲ್ಲಿ ಆ ಕತ್ತಿಯ ಪೆಟ್ಟು ಬೀಳುವುದು ಅವರವರ ಎದೆಗೇ.

ಬಾಗಿಲಿನಾಕಾರದ ಹಳೆಯ ಗುರಾಣಿಯಾದರೋ ಬೆಂಗಳೂರಿನ ಬೀದಿಗಳಿಗೆ ಮರಳಿಯೂ ಬಂದಿದೆ. ಶಿವಾಜಿನಗರದಲ್ಲಿಯೋ ಪೂರ್ವದ ಇನ್ನಾವ ವೃತ್ತದಲ್ಲಿಯೋ ದೊಡ್ಡ ಮೆರವಣಿಗೆಯ ದಿನ ಬಂದೋಬಸ್ತಿಗೆ ಸಾಲಾಗಿ ನಿಲ್ಲುವ ಪೊಲೀಸರ ಕೈಯಲ್ಲಿ ಮೊದಲು ಇರುತ್ತಿದ್ದುದು ಬೆತ್ತ ಹೆಣೆದ ಗುರಾಣಿ, ಈಗ ಹೆಚ್ಚಾಗಿ ಇರುವುದು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪಾರದರ್ಶಕ ಗುರಾಣಿ. ಎದುರಿನಿಂದ ಬರಬಹುದಾದದ್ದು ಗುಂಡಲ್ಲ, ಕಲ್ಲು ಮತ್ತು ಬಾಟಲಿ; ನಿಂತಿರುವುದು ಒಂಟಿಯಾಗಿ ಅಲ್ಲ, ಸಾಲಿನಲ್ಲಿ; ಆದ್ದರಿಂದ ಆಕಾರ ದುಂಡಲ್ಲ, ಎದೆಯಿಂದ ಮೊಣಕಾಲಿನ ಕಡೆಗೆ ಇಳಿಯುವ, ಸ್ವಲ್ಪವೇ ಬಾಗಿದ ನೀಳ ಚೌಕ. ಅದನ್ನು ತಿರುಗಿಸಿ ನೋಡಿದರೆ ಹಿಂಭಾಗದಲ್ಲಿ ಮುಂಗೈ ತೂರಿಸುವ ಒಂದು ಪಟ್ಟಿ, ಬೆರಳು ಮಡಚಿ ಹಿಡಿಯುವ ಒಂದು ಹಿಡಿ; ಹಿಡಿದವರ ಬಲಗೈಯಲ್ಲಿ ಲಾಠಿ.